ಲಿನಕ್ಸ್‌ಗೆ ವೈಫೈ ಪ್ರಿಂಟರ್, ಸ್ಕ್ಯಾನರ್ ಜೋಡಿಸೋದು ಹೇಗೆ?

ಡಬ್ಬದಲ್ಲಿ ಬಂದ ಸಿಡಿ ಪಕ್ಕಕ್ಕಿಡಿ. ಕಂಪನಿ ಸೈಟಿನಲ್ಲಿ ಡ್ರೈವರ್ ಹುಡುಕೋದೂ ಸದ್ಯಕ್ಕೆ ಬೇಡ. ಪ್ರಿಂಟರಿನಲ್ಲಿ ಏರ್‌ಪ್ರಿಂಟ್ (ಡ್ರೈವರ್ ಇಲ್ಲದೆ ಪ್ರಿಂಟ್ ಮಾಡುವ ಆಪಲ್‌ನ ವ್ಯವಸ್ಥೆ) ಇದ್ದರೆ ಲಿನಕ್ಸಿನ ಉಬುಂಟು, ಮಿಂಟ್, ಫೆಡೋರಾಗಳ ಹೊಸ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಲಿನಕ್ಸಿನಲ್ಲಿ ಪ್ರಿಂಟ್ ಕೆಲಸವನ್ನೆಲ್ಲ ನೋಡಿಕೊಳ್ಳುವ ಕಪ್ಸ್ ಅನ್ನುವ ಸಾಫ್ಟ್‌ವೇರ್ ಪ್ರಿಂಟರಿನ ಜೊತೆ ನೇರವಾಗಿ ಮಾತಾಡುತ್ತದೆ.

ಮೊದಲು ಪ್ರಿಂಟರನ್ನು ವೈಫೈಗೆ ಸೇರಿಸಿ. ಎಷ್ಟೋ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ, 5ರಲ್ಲಿ ಹುಡುಕುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟು. ಗೆಸ್ಟ್ ವೈಫೈಗೂ ಹಾಕಬೇಡಿ, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಮಾಡಿರುತ್ತಾರೆ. ಆಮೇಲೆ ರೂಟರಿನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಸೆಟ್ಟಿಂಗ್‌ಗೆ ಹೋಗಿ ಪ್ರಿಂಟರಿಗೆ ಒಂದು ಐಪಿ ವಿಳಾಸ ಖಾಯಂ ಮಾಡಿ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ 'ನಿನ್ನೆ ಚೆನ್ನಾಗಿತ್ತಲ್ಲ' ಅಂತ ತಲೆ ಕೆರೆದುಕೊಳ್ಳುತ್ತಾರೆ.

ಈಗ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ತೆರೆಯಿರಿ. ಹೆಸರು ತಾನಾಗೇ ಬಂದಿದ್ದರೆ ಟೆಸ್ಟ್ ಪೇಜ್ ತೆಗೆಯಿರಿ, ಮುಗಿಯಿತು. ಬರಲಿಲ್ಲವಾ? ನೆಟ್‌ವರ್ಕಿನಲ್ಲಿರುವ ಪ್ರಿಂಟರನ್ನು ಹುಡುಕಿ ಕೊಡುವ ಅವಾಹಿ ಅನ್ನುವ ಸೇವೆ ಓಡುತ್ತಿದೆಯಾ, ಅದು ಬಳಸುವ ಯುಡಿಪಿ 5353 ಪೋರ್ಟನ್ನು ಫೈರ್‌ವಾಲ್ ತಡೆದಿದೆಯಾ ನೋಡಿ. ಆಗಲೂ ಆಗದಿದ್ದರೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 (ಕಪ್ಸ್‌ನ ಸೆಟ್ಟಿಂಗ್ ಪುಟ, ಇಂಗ್ಲಿಷಿನಲ್ಲಿ ಟೈಪ್ ಮಾಡಿ) ತೆರೆದು, ಅಡ್ಮಿನಿಸ್ಟ್ರೇಶನ್‌ಗೆ ಹೋಗಿ ನೀವೇ ಸೇರಿಸಿ. ಪಾಸ್‌ವರ್ಡ್ ಕೇಳಿದರೆ ನಿಮ್ಮ ಲಾಗಿನ್ನಿನದೇ ಕೊಡಿ. ಪ್ರಿಂಟರಿನ ವಿಳಾಸ ಐಪಿಪಿ://192.168.1.50/ಐಪಿಪಿ/ಪ್ರಿಂಟ್ ಅನ್ನುವ ಥರ ಇರುತ್ತದೆ. ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ನಡುವಿನ ಅಂಕಿಗಳ ಜಾಗಕ್ಕೆ ನೀವು ಖಾಯಂ ಮಾಡಿದ ವಿಳಾಸ ಹಾಕಿ. ಮಾಡೆಲ್ ಕೇಳಿದಾಗ ಐಪಿಪಿ ಎವ್ರಿವೇರ್ (ಬೇರೆ ಡ್ರೈವರ್ ಬೇಡದ ಆಯ್ಕೆ) ಆರಿಸಿ.

ಟ್ರೇಯಲ್ಲಿ ಕಾಗದ ಇದ್ದರೂ 'ಕಾಗದ ಹಾಕಿ' ಅಂತ ದೀಪ ಮಿಣುಕುತ್ತಿದೆಯಾ? ಸಾಮಾನ್ಯವಾಗಿ ಪೇಪರ್ ಸೈಜ್ ಅಮೆರಿಕದ ಲೆಟರ್ ಆಗಿರುತ್ತದೆ. ಎ4 ಮಾಡಿ ನೋಡಿ.

ಪ್ರಿಂಟ್ ಬಂತು ಅಂದ ಮಾತ್ರಕ್ಕೆ ಸ್ಕ್ಯಾನ್ ಬರುತ್ತೆ ಅಂತಲ್ಲ. ಅದರ ದಾರಿಯೇ ಬೇರೆ, ಕಪ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಸ್ಕ್ಯಾನರ್ ನೋಡಿಕೊಳ್ಳುವುದು ಸೇನ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಅದಕ್ಕೆ ಸೇನ್-ಏರ್‌ಸ್ಕ್ಯಾನ್ ಪ್ಯಾಕೇಜ್ ಸೇರಿಸಿ, ಡಾಕ್ಯುಮೆಂಟ್ ಸ್ಕ್ಯಾನರ್ ಆ್ಯಪ್ ತೆರೆಯಿರಿ. ಒಂದೇ ಯಂತ್ರ ಪಟ್ಟಿಯಲ್ಲಿ ಎರಡು ಸಲ ಕಾಣಿಸಿದರೆ ಗಾಬರಿ ಬೇಡ. ಎರಡು ಬೇರೆ ಬೇರೆ ಬ್ಯಾಕೆಂಡ್‌ಗಳು (ಸ್ಕ್ಯಾನರ್ ಜೊತೆ ಮಾತಾಡುವ ಸೇನ್‌ನ ಭಾಗಗಳು) ಅದನ್ನೇ ಕಂಡುಹಿಡಿದಿವೆ, ಅಷ್ಟೇ. ಒಂದರಲ್ಲಿ ಆಗದಿದ್ದರೆ ಇನ್ನೊಂದನ್ನು ಆರಿಸಿ.

ಹಳೆ ಎಚ್‌ಪಿ ಯಂತ್ರಗಳ ಕಥೆ ಸ್ವಲ್ಪ ಬೇರೆ. ಅವಕ್ಕೆ ಎಚ್‌ಪಿಲಿಪ್ (ಎಚ್‌ಪಿಯದೇ ಲಿನಕ್ಸ್ ಡ್ರೈವರ್ ಸಾಫ್ಟ್‌ವೇರ್) ಬೇಕು, ಕೆಲವಕ್ಕೆ ಅದರ ಮೇಲೊಂದು ಪ್ಲಗಿನ್ ಕೂಡ. ಎರಡರ ಆವೃತ್ತಿಯೂ ಒಂದೇ ಇರಬೇಕು, ಹಾಗಾಗಿ ಸಿಸ್ಟಮ್ ಅಪ್‌ಗ್ರೇಡ್ ಆದ ಮೇಲೆ ಪ್ರಿಂಟರ್ ಮುನಿಸಿಕೊಂಡರೆ ಮೊದಲು ಪ್ಲಗಿನ್ ಮತ್ತೆ ಹಾಕಿ ನೋಡಿ.

ಇನ್ನು ಸ್ಕ್ಯಾನ್ ಗುಣಮಟ್ಟ: ದಾಖಲೆಗಳಿಗೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಧಾರಾಳ ಸಾಕು. ಅರ್ಜಿ ಸೈಟುಗಳಲ್ಲಿ ಫೈಲ್ ದೊಡ್ಡದಾಯ್ತು ಅಂದರೆ 150ಕ್ಕೆ ಇಳಿಸಿ, ಬಣ್ಣ ಬೇಡವಾದರೆ ಅದನ್ನೂ ತೆಗೆಯಿರಿ.