ತಾರಸಿಯ ಮೇಲೆ ಸೂರ್ಯನ ಲೆಕ್ಕ: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ತಾರಸಿಯಿಂದ ನೋಡಿದರೆ ಚಾಮುಂಡಿ ಬೆಟ್ಟ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಮಾರ್ಚ್ 20ರ ಸುಮಾರಿಗೆ ಲೆಕ್ಕದ ಪ್ರಕಾರ ಸೂರ್ಯೋದಯ 6:28ರ ಹೊತ್ತಿಗೆ ಆಗಬೇಕಾದರೂ, ಬಿಂಬ ಬೆಟ್ಟದ ನೆತ್ತಿಯನ್ನು ದಾಟಿ ನಮಗೆ ಕಾಣುವಷ್ಟರಲ್ಲಿ ಇನ್ನೂ ಕಾಲು ಗಂಟೆ ಕಳೆದಿರುತ್ತದೆ. ಆ ಕಾಲು ಗಂಟೆಯ ಬೆನ್ನು ಹತ್ತಿಯೇ ನಾನು ಪುಸ್ತಕ, ಗಡಿಯಾರ ಹಿಡಿದು ತಾರಸಿ ಹತ್ತಿದ್ದು.

ಮೊದಲ ಕೆಲವು ತಿಂಗಳು ಸೆಕೆಂಡುಗಳನ್ನೂ ಬಿಡದೆ ಬರೆದೆ. ರಾತ್ರಿಯಿಡೀ ಮಳೆ ಸುರಿದು ಆಕಾಶ ತೊಳೆದಂತಿದ್ದ ಒಂದು ಬೆಳಿಗ್ಗೆ ಕೆಳಗಿಳಿದು ಬಂದಾಗ ಅಮ್ಮ, "ಇವತ್ತು ಹೇಗಿತ್ತೇ?" ಎಂದು ಕೇಳಿದರು. ಸಮಯ ಹೇಳಿದೆ, ಬಣ್ಣ ಯಾವುದಿತ್ತೆಂದು ನೆನಪಾಗಲಿಲ್ಲ. ಅದು ನನ್ನನ್ನು ಬಹಳ ನೋಯಿಸಿತು. ಮರುದಿನದಿಂದ ಪುಸ್ತಕವನ್ನು ಕೆಳಗೇ ಬಿಟ್ಟು ಒಂದು ತಿಂಗಳು ಸುಮ್ಮನೆ ನೋಡಿದೆ. ಆಗ ಇನ್ನೊಂದು ತೊಂದರೆ ಎದುರಾಯಿತು: ಮೂವತ್ತು ಬೆಳಗುಗಳು ಒಂದರೊಳಗೊಂದು ಬೆರೆತುಹೋಗಿ, "ಚೆನ್ನಾಗಿತ್ತು" ಎನ್ನುವುದೊಂದೇ ಉಳಿಯಿತು.

ಆಮೇಲೆ ಕ್ರಮ ಬದಲಿಸಿಕೊಂಡೆ. ತಾರಸಿಯಲ್ಲಿ ಕಾಲಿಡುವ ಜಾಗವನ್ನು ಬಣ್ಣದಿಂದ ಗುರುತು ಮಾಡಿ, ಅಲ್ಲಿಂದ ಮೂರು ಮೀಟರ್ ದೂರದ ಪ್ಯಾರಾಪೆಟ್ ಗೋಡೆಯ ಮೇಲೆ ಬಿಂಬದ ಮೊದಲ ಅಂಚು ಕಂಡ ನೇರಕ್ಕೆ ದಿನಕ್ಕೊಂದು ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಆದರೆ ಅಂಚು ಕಂಡ ತಕ್ಷಣವಲ್ಲ, ಬಿಂಬ ಪೂರ್ತಿ ಮೇಲೆ ಬಂದ ನಂತರ. ಅಂಚು ಮೂಡಿದಲ್ಲಿಂದ ಇಡೀ ಬಿಂಬ ಹೊರಬರಲು ನಮ್ಮ ಅಕ್ಷಾಂಶದಲ್ಲಿ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು, ಮತ್ತು ಆ ಎರಡು ನಿಮಿಷ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಬೆಟ್ಟದ ಮೇಲೆ ಬರುವ ಸೂರ್ಯ ಆಗಲೇ ಪ್ರಖರವಾಗಿರುವುದರಿಂದ ದಿಟ್ಟಿಸದೆ, ಕಣ್ಣನ್ನು ಬೆಟ್ಟದ ಅಂಚಿನ ಮರಗಳ ಮೇಲಿಡುತ್ತೇನೆ. (ಬೈನಾಕ್ಯುಲರಿನಿಂದ ಸೂರ್ಯನನ್ನು ಎಂದಿಗೂ ನೋಡಬಾರದು.) ಅದಕ್ಕೂ ಮೊದಲು, ಉದಯಕ್ಕೆ ಹತ್ತು ಹದಿನೈದು ನಿಮಿಷ ಇರುವಾಗ, ಪಶ್ಚಿಮಕ್ಕೆ ತಿರುಗುತ್ತೇನೆ. ಆಕಾಶ ತಿಳಿಯಾಗಿದ್ದರೆ ದಿಗಂತದಲ್ಲಿ ಬೂದುನೀಲಿಯ ಒಂದು ಪಟ್ಟಿ, ಅದರ ಮೇಲೆ ನಸುಗೆಂಪು ಕಾಣುತ್ತದೆ. ಆ ಬೂದುನೀಲಿ ಪಟ್ಟಿ ಭೂಮಿಯ ನೆರಳು. ನಾನು ನಿಂತಿರುವ ನೆಲವೇ ಗಾಳಿಯ ಮೇಲೆ ಚೆಲ್ಲಿದ ನೆರಳು ನಿಧಾನವಾಗಿ ಇಳಿದು ಕರಗುವುದನ್ನು ನೋಡುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಮಾರ್ಚ್‌ನಲ್ಲಿ ಗೆರೆಗಳು ಸುಮಾರು ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ಉತ್ತರಕ್ಕೆ ಸರಿದವು. ಅಂದರೆ ಸೂರ್ಯ ದಿನಕ್ಕೆ ತನ್ನ ಬಿಂಬದ ಮುಕ್ಕಾಲು ಪಾಲಿನಷ್ಟು ಜರುಗುತ್ತಿದ್ದ. ಡಿಸೆಂಬರ್ ಮೂರನೆಯ ವಾರದಲ್ಲಾದರೋ ಗೆರೆಯ ಮೇಲೆ ಗೆರೆ ಬಿದ್ದು ಗೋಡೆಯ ಮೇಲೆ ದಪ್ಪ ಬಿಳಿ ಪಟ್ಟಿಯಾಯಿತು. ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದರ ನಂತರದ ತಿಂಗಳು. ವರ್ಷದ ಅತಿ ಚಿಕ್ಕ ಹಗಲು ಕಳೆದು ಗೆರೆಗಳು ಸ್ಪಷ್ಟವಾಗಿ ಉತ್ತರಕ್ಕೆ ಹೊರಟಿದ್ದರೂ ಉದಯ ಇನ್ನೂ ತಡವಾಗುತ್ತಲೇ ಹೋಯಿತು: ಬೆಟ್ಟವನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದರೆ, ಡಿಸೆಂಬರ್ 22ಕ್ಕೆ ಸುಮಾರು 6:40 ಇದ್ದದ್ದು ಜನವರಿ ಕೊನೆಯ ವಾರಕ್ಕೆ 6:49. ಭೂಮಿ ಜನವರಿ ಆರಂಭದಲ್ಲಿ ಸೂರ್ಯನಿಗೆ ಅತಿ ಸಮೀಪವಿದ್ದು ವೇಗವಾಗಿ ಸಾಗುವುದು, ಅದರ ಅಕ್ಷ ವಾಲಿರುವುದು, ಇವೆರಡೂ ಸೇರಿ ನಡುಹಗಲನ್ನೇ ದಿನದಿನಕ್ಕೆ ಗಡಿಯಾರದಲ್ಲಿ ಮುಂದಕ್ಕೆ ತಳ್ಳುತ್ತವೆ. ನಮ್ಮಲ್ಲಿ ಹಗಲು ಉದ್ದವಾಗುವ ಪ್ರಮಾಣ ಅದನ್ನು ಸರಿದೂಗಿಸುವಷ್ಟು ದೊಡ್ಡದಲ್ಲ. ಈ ಕಾರಣ ತಿಳಿದ ಮರುದಿನ ಬೆಳಿಗ್ಗೆ ನಾನು ಎಂದಿಗಿಂತ ಬೇಗ ಎದ್ದು ತಾರಸಿಗೆ ಹೋದೆ.

ಈಗಲೂ ಅಮ್ಮ ಕೇಳುತ್ತಾರೆ. ಮೊದಲು ಬಣ್ಣ ಹೇಳುತ್ತೇನೆ, ಆಮೇಲೆ ಗೆರೆ ಎಲ್ಲಿ ಬಿತ್ತೆಂದು.