ಲಾಸ್ ಪಾಲ್ಮಾಸ್‌ಗೆ ಬಂದಿಳಿದ ಕನ್ನಡದ ಮನೆಗಳಿಗೆ: ಮೊದಲ ಆರು ತಿಂಗಳ ಮಾತು

ಮೊದಲು ಗಡಿಯಾರ ಸರಿಮಾಡಿಕೊಳ್ಳಿ. ಬಂದಿರುವುದು ಸ್ಪೇನ್‌ಗೇ ಆದರೂ ಕನಾರಿ ದ್ವೀಪಗಳಲ್ಲಿ ಮ್ಯಾಡ್ರಿಡ್‌ಗಿಂತ ಒಂದು ಗಂಟೆ ಹಿಂದೆ. ರೇಡಿಯೊದಲ್ಲಿ ಹೊತ್ತು ಹೇಳಿದಾಗಲೆಲ್ಲ ಕೊನೆಗೆ 'ಊನಾ ಓರಾ ಮೇನೊಸ್ ಎನ್ ಕನಾರಿಯಾಸ್', ಕನಾರಿಯಲ್ಲಿ ಒಂದು ಗಂಟೆ ಕಮ್ಮಿ, ಎಂದು ಸೇರಿಸುತ್ತಾರೆ. ನಮ್ಮ ಮಗಳು ಪೂರ್ತಿ ಕಲಿತ ಮೊದಲ ಸ್ಪ್ಯಾನಿಷ್ ವಾಕ್ಯ ಇದೇ. ಊರಿಗೂ ನಮಗೂ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ. ಕೆಲಸ ಮುಗಿಸಿ ಫೋನ್ ಮಾಡೋಣ ಅಂದರೆ ಅಲ್ಲಿ ಅಮ್ಮ ಮಲಗಿಬಿಟ್ಟಿರುತ್ತಾರೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಬಾಗಿಲೆಳೆದುಕೊಳ್ಳುತ್ತವಲ್ಲ, ಆ ಹೊತ್ತನ್ನು ಊರಿನ ಫೋನಿಗೆ ಇಟ್ಟುಕೊಳ್ಳಿ.

ಹೆಸರಿನ ವಿಷಯ

ನಮ್ಮವರಿಗೆ ಇಲ್ಲಿ ಅತಿ ಹೆಚ್ಚು ತಲೆನೋವು ತರುವುದು ಭಾಷೆಯಲ್ಲ, ಹೆಸರು. ಇಲ್ಲಿ ಪ್ರತಿಯೊಬ್ಬರಿಗೂ ಎರಡು ಅಪೆಯಿದೊ, ಅಂದರೆ ಎರಡು ಮನೆತನದ ಹೆಸರು: ಸಾಮಾನ್ಯವಾಗಿ ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಮದುವೆಯಾದರೂ ಹೆಣ್ಣುಮಕ್ಕಳು ಹೆಸರು ಬದಲಿಸುವುದಿಲ್ಲ. ನಮ್ಮದು ಹಾಗಲ್ಲ. ಊರು ಒಂದು ಅಕ್ಷರ, ಅಪ್ಪ ಒಂದು ಅಕ್ಷರ, ಆಮೇಲೆ ನಾವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ಇಲ್ಲವೇ ಅಪ್ಪನ ಹೆಸರು ಅಲ್ಲಿ ಕೂತಿರುತ್ತದೆ.

ನಾವು ಬಂದ ಹೊಸದರಲ್ಲಿ ಒಂದು ಕಚೇರಿಯಲ್ಲಿ ನನ್ನ ಇನಿಷಿಯಲ್ಲನ್ನೇ ಅಪೆಯಿದೊ ಎಂದು ಬರೆದುಕೊಂಡರು. ಇನ್ನೊಂದು ಕಡೆ ನನ್ನ ಹೆಸರೇ ಅಪೆಯಿದೊ ಆಯಿತು. ಬ್ಯಾಂಕಿನ ಕಾಗದದ ಹೆಸರಿಗೂ ಮನೆ ಬಾಡಿಗೆ ಕರಾರಿನ ಹೆಸರಿಗೂ ತಾಳೆಯಾಗದೆ ನಾಲ್ಕು ತಿಂಗಳು ಅಲೆದೆ. ಅದಕ್ಕೇ ಹೇಳುತ್ತೇನೆ: ನಿಮ್ಮ ಎನ್‌ಐಇ ನಂಬರು, ಅಂದರೆ ವಿದೇಶಿಯರಿಗೆ ಇಲ್ಲಿ ಕೊಡುವ ಗುರುತಿನ ಸಂಖ್ಯೆ, ಬಂದ ದಿನ, ಆ ಕಾಗದದಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ನೋಡಿ. ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಳ್ಳಿ. ಸರಿ ಇದ್ದರೆ ಇನ್ನು ಮುಂದೆ ಬ್ಯಾಂಕು, ಶಾಲೆ, ಆಸ್ಪತ್ರೆ, ಕರೆಂಟು ಬಿಲ್ಲು, ಎಲ್ಲ ಕಡೆಯೂ ಅಕ್ಷರ ಅಕ್ಷರ ಅದನ್ನೇ ಬರೆಸಿ. ಗಂಡ ಹೆಂಡತಿ ಇಬ್ಬರ ಹೆಸರಿನ ಕೊನೆಯಲ್ಲೂ ಒಂದೇ ಹೆಸರಿದ್ದರೆ 'ನೀವು ಅಣ್ಣ ತಂಗಿಯೇ?' ಎಂದು ಕೇಳಬಹುದು. ಅವರ ಲೆಕ್ಕದಲ್ಲಿ ಅದು ಸಹಜವಾದ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಮದುವೆ ಸರ್ಟಿಫಿಕೇಟು ತೋರಿಸಿ.

ಆ ಮದುವೆ ಸರ್ಟಿಫಿಕೇಟಿಗೂ ಮಕ್ಕಳ ಜನನ ಪ್ರಮಾಣಪತ್ರಕ್ಕೂ ಊರಲ್ಲಿರುವಾಗಲೇ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಹೊರದೇಶದವರಿಗಾಗಿ ಸರ್ಕಾರ ಹಾಕಿಕೊಡುವ ಮುದ್ರೆ, ಮಾಡಿಸಿಕೊಂಡು ಬನ್ನಿ. ಇಲ್ಲಿಂದ ಅದನ್ನು ಮಾಡಿಸುವುದೆಂದರೆ ಅಣ್ಣನನ್ನೋ ಮಾವನನ್ನೋ ಬೆಂಗಳೂರಿನಲ್ಲಿ ಓಡಾಡಿಸಬೇಕು. ಆಮೇಲೆ 'ತ್ರಾದುಕ್ತೋರ್ ಹುರಾದೊ' ಎನ್ನುವ, ಸರ್ಕಾರ ಒಪ್ಪಿದ ಅನುವಾದಕರಿಂದ ಸ್ಪ್ಯಾನಿಷಿಗೆ ಮಾಡಿಸಬೇಕು.

ಕಾಗದದ ದಾರಿ

ಮನೆ ಸಿಕ್ಕ ತಕ್ಷಣ ಆಯುಂತಾಮಿಯೆಂತೊಗೆ, ಅಂದರೆ ನಗರಸಭೆಗೆ, ಹೋಗಿ 'ಎಂಪಾದ್ರೊನಾಮಿಯೆಂತೊ' ಮಾಡಿಸಿ. ನೀವು ಈ ವಿಳಾಸದಲ್ಲಿ ಇದ್ದೀರಿ ಎಂಬ ದಾಖಲೆ ಅದು. ಶಾಲೆ ಸೀಟಿನಿಂದ ಹಿಡಿದು ಆಸ್ಪತ್ರೆ ಕಾರ್ಡಿನವರೆಗೆ ಮೊದಲು ಕೇಳುವುದು ಇದನ್ನೇ. ಅದರ ಪ್ರತಿ ಮೂರು ತಿಂಗಳಿಗಿಂತ ಹಳೆಯದಾದರೆ ಬಹಳ ಕಡೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಹತ್ತು ಜೆರಾಕ್ಸ್ ಮಾಡಿಸಿಟ್ಟು ಪ್ರಯೋಜನವಿಲ್ಲ. ಆರು ತಿಂಗಳಿಗಿಂತ ಹೆಚ್ಚಿನ ವೀಸಾದಲ್ಲಿ ಬಂದವರು ಒಂದು ತಿಂಗಳೊಳಗೆ ಟಿಐಇ ಕಾರ್ಡಿಗೆ, ಅಂದರೆ ವಿದೇಶಿಯರ ಗುರುತಿನ ಚೀಟಿಗೆ, ಅರ್ಜಿ ಹಾಕಬೇಕು. ಅದಕ್ಕೆ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಬೇಕು, ಅದಕ್ಕೂ ಮುಂಚೆ 'ಸೀತಾ ಪ್ರೇವಿಯಾ' ಬೇಕು. ಸೀತಾ ಅಂದರೆ ಅಪಾಯಿಂಟ್‌ಮೆಂಟು. ನಮ್ಮ ಕಿವಿಗೆ ಜಾನಕಿಯ ಹೆಸರು, ಕಾಯುವ ಕಾಲವೂ ವನವಾಸದಷ್ಟೇ ಉದ್ದ ಅನ್ನಿಸುತ್ತದೆ. ಬಂದ ವಾರವೇ ಹುಡುಕಲು ಶುರುಮಾಡಿ. ಇವತ್ತು ಸಿಗದಿದ್ದರೆ ನಾಳೆ ಬೆಳಿಗ್ಗೆ ಬೇಗ ಎದ್ದು ಮತ್ತೆ ನೋಡಿ.

ನಮ್ಮ ಡ್ರೈವಿಂಗ್ ಲೈಸೆನ್ಸು ರೆಸಿಡೆನ್ಸಿ ಸಿಕ್ಕ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಬದಲಿ ಕೊಡುವ ಒಪ್ಪಂದ ಭಾರತದೊಂದಿಗೆ ಇಲ್ಲ, ಪರೀಕ್ಷೆ ಬರೆಯಲೇಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ವಿಮಾನ ಟಿಕೆಟಿನ ಮೇಲೆ ದ್ವೀಪದವರಿಗೆ 75 ಪರ್ಸೆಂಟು ರಿಯಾಯಿತಿ ಇದೆ ಎಂದು ಕೇಳಿರುತ್ತೀರಿ. ಅದು ಇಲ್ಲಿಯವರಿಗೆ, ಯುರೋಪಿನವರಿಗೆ ಮತ್ತು ದೀರ್ಘಾವಧಿ ರೆಸಿಡೆನ್ಸಿ ಪಡೆದವರಿಗೆ. ನಮ್ಮಂಥವರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಕಾರ್ಡು ಬಂತಲ್ಲ ಎಂದು ಆ ದರದ ಟಿಕೆಟು ತೆಗೆಯಬೇಡಿ.

ಆನ್‌ಲೈನಿನಲ್ಲಿ ಸಾಮಾನು ತರಿಸುವಾಗಲೂ ಎಚ್ಚರ. ಇಲ್ಲಿ ಸ್ಪೇನಿನ 21 ಪರ್ಸೆಂಟ್ ತೆರಿಗೆ ಇಲ್ಲ, 7 ಪರ್ಸೆಂಟಿನ ಇಖಿಕ್ ಇದೆ. ಹಾಗಾಗಿ ಮ್ಯಾಡ್ರಿಡ್‌ನಿಂದ ಬರುವ ಪಾರ್ಸೆಲ್ಲೂ ಕಸ್ಟಮ್ಸ್ ದಾಟಿಯೇ ಬರಬೇಕು. 35ರಿಂದ ಶುರುವಾಗುವ ನಮ್ಮ ಪಿನ್‌ಕೋಡ್ ನೋಡಿದರೆ ಕೆಲವು ಮಾರಾಟಗಾರರು ಕಳಿಸುವುದೇ ಇಲ್ಲ.

'ಬುಯೆನಾಸ್' ಅನ್ನಿ

ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತೇವಲ್ಲ, ಅದು ಈ ದ್ವೀಪಕ್ಕೆ ಹೇಳಿಸಿದ ಮಾತು. ಲಿಫ್ಟಿಗೆ ಹೋದರೂ ಡಾಕ್ಟರ ಕಾಯುವ ಕೋಣೆಗೆ ಹೋದರೂ ಒಳಗೆ ಕಾಲಿಡುತ್ತಲೇ 'ಬುಯೆನಾಸ್' ಅನ್ನಬೇಕು. ಯಾರನ್ನೂ ನೋಡಿ ಹೇಳಬೇಕಿಲ್ಲ, ಗಾಳಿಗೆ ಹೇಳಿದರೂ ಸಾಕು, ಕೂತವರೆಲ್ಲ ತಿರುಗಿ ಹೇಳುತ್ತಾರೆ. ಬೆಂಗಳೂರಿನವರಿಗೆ ಇದು ಮೊದಮೊದಲು ಸಂಕೋಚ, ಹಳ್ಳಿಯಲ್ಲಿ ಬೆಳೆದವರಿಗೆ ಜಗಲಿಯಲ್ಲಿ ಕೂತಷ್ಟೇ ಸಲೀಸು.

ವೆಗೆತಾ ಮಾರ್ಕೆಟಿನಲ್ಲಿ ತರಕಾರಿಗೆ ಹೋದರೆ ಸಾಲು ಕಾಣುವುದಿಲ್ಲ, ಜನ ಅಲ್ಲಲ್ಲಿ ಚದುರಿ ನಿಂತಿರುತ್ತಾರೆ. ಆದರೆ ಸಾಲು ಇದೆ. 'ಕ್ಯೆನ್ ಎಸ್ ಎಲ್ ಊಲ್ತಿಮೊ?' ಎಂದು ಕೇಳಿ, ಕೊನೆಯವರು ಯಾರು ಅಂತ. ಯಾರೋ ಒಬ್ಬ ಅಜ್ಜಿ ಕೈ ಎತ್ತುತ್ತಾರೆ. ಅವರನ್ನು ನೆನಪಿಟ್ಟುಕೊಂಡರಾಯಿತು, ಅವರಾದ ಮೇಲೆ ನೀವು. ಅಷ್ಟರಲ್ಲಿ ಇನ್ನೊಬ್ಬರು ಬಂದು ಕೇಳುತ್ತಾರೆ, ಆಗ ಕೈ ಎತ್ತುವ ಸರದಿ ನಿಮ್ಮದು. ಮೊದಲ ಸಲ ಹಾಗೆ ಕೈ ಎತ್ತಿದ ದಿನ ನನಗೆ ಈ ಊರಿನವನೇ ಆದೆ ಅನ್ನಿಸಿತ್ತು. ಅಂಗಡಿಯಾಕೆ ನಿಮ್ಮನ್ನು 'ಮಿ ನಿನ್ಯೊ', 'ಮಿ ನಿನ್ಯಾ' ಅಂದರೆ ಗಾಬರಿ ಬೇಡ. 'ನನ್ನ ಮಗಾ', 'ನನ್ನ ಪುಟ್ಟಿ' ಅಂದ ಹಾಗೆ, ಅರುವತ್ತರ ಗಂಡಸಿಗೂ ಅನ್ನುತ್ತಾರೆ.

ಆ್ಯಪಿನಲ್ಲಿ ಸ್ಪ್ಯಾನಿಷ್ ಕಲಿತು ಬಂದವರು ಮೂರು ಮಾತು ತಿದ್ದಿಕೊಳ್ಳಿ. ಬಸ್ಸಿಗೆ ಇಲ್ಲಿ 'ಗ್ವಾಗ್ವಾ', ಆಲೂಗಡ್ಡೆಗೆ 'ಪಾಪಾ', ಹಲವರನ್ನು ಮಾತಾಡಿಸುವಾಗ 'ವೊಸೋತ್ರೊಸ್' ಅಲ್ಲ, 'ಉಸ್ತೇದೆಸ್'. ಸಲಿಗೆಯವರಾದರೂ ಹಲವರಿದ್ದರೆ ನಾವು 'ನೀವು' ಅನ್ನುವ ಹಾಗೇ.

ಊಟ

ಸಸ್ಯಾಹಾರಿಗಳು 'ಸಿನ್ ಕಾರ್ನೆ', ಮಾಂಸ ಬೇಡ, ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸಾಲಡ್ಡಿನ ಮೇಲೆ ಟ್ಯೂನಾ ಮೀನು ಬರುತ್ತದೆ, ಸೊಪ್ಪಿನ ಸಾರಿನಂತೆ ಕಾಣುವ 'ಪೊತಾಹೆ ದೆ ಬೆರೊಸ್'ನಲ್ಲಿ ಹಂದಿಯ ಪಕ್ಕೆಲುಬು ಬೆಂದಿರುತ್ತದೆ. 'ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಅತೂನ್' ಎಂದು, ಮಾಂಸ, ಮೀನು, ಹಂದಿ ತೊಡೆಯ ಹ್ಯಾಮ್, ಟ್ಯೂನಾ ನಾಲ್ಕನ್ನೂ ಹೆಸರು ಹಿಡಿದು, ಬೇಡ ಎಂದು ಹೇಳಿ. 'ಪಾಪಾಸ್ ಅರುಗಾದಾಸ್' ಎಲ್ಲೆಲ್ಲೂ ಸಿಗುತ್ತದೆ: ಉಪ್ಪುನೀರಲ್ಲಿ ಸಿಪ್ಪೆ ಸುಕ್ಕಾಗುವ ತನಕ ಬೇಯಿಸಿದ ಸಣ್ಣ ಆಲೂಗಡ್ಡೆ, ಜೊತೆಗೆ 'ಮೊಹೊ' ಎನ್ನುವ ಬೆಳ್ಳುಳ್ಳಿ ಖಾರದ ಚಟ್ನಿ. ಅನ್ನ ನೆನಪಾಗದ ಹಾಗೆ ಒಂದು ಹೊತ್ತು ಸಾಗಿಸುತ್ತದೆ.

ನಿಜವಾದ ನೆಂಟ ಅಂದರೆ ಗೋಫಿಯೊ. ಗೋಧಿಯನ್ನೋ ಮುಸುಕಿನ ಜೋಳವನ್ನೋ ಹುರಿದು ಬೀಸಿದ ಹಿಟ್ಟು, ಸ್ಪೇನಿನವರು ಬರುವುದಕ್ಕೂ ಮುಂಚಿನ ಮೂಲನಿವಾಸಿಗಳಿಂದ ಬಂದ ಆಹಾರ. ಸೂಪರ್ ಮಾರ್ಕೆಟಿನಲ್ಲಿ ಪೊಟ್ಟಣ ಸಿಗುತ್ತದೆ. ಮೊದಲ ಸಲ ಒಡೆದು ಮೂಸಿದಾಗ ನನ್ನ ಹೆಂಡತಿ 'ಇದು ಹುರಿಹಿಟ್ಟು ಕಣ್ರೀ' ಅಂದಳು, ಕಣ್ಣಲ್ಲಿ ನೀರಿತ್ತು. ಮಕ್ಕಳಿಗೆ ಬೆಳಿಗ್ಗೆ ಬಿಸಿ ಹಾಲಿಗೆ ಕಲಸಿ ಕೊಡಿ. ಇಲ್ಲಿಯವರು ಅದಕ್ಕೆ ಬಾಳೆಹಣ್ಣು, ಜೇನು ಹಾಕಿ ನಾದಿ ಉಂಡೆಯನ್ನೂ ಮಾಡುತ್ತಾರೆ. ಬಿಸಿ ಸಾರು ಹುಯ್ದು ಮಾಡುವ 'ಎಸ್ಕಾಲ್ದೋನ್' ತೆಳ್ಳಗಿನ ಮುದ್ದೆ ಅಂದುಕೊಳ್ಳಿ, ಹೋಟೆಲಿನಲ್ಲಿ ಮಾತ್ರ ಆ ಸಾರು ಮೀನಿನದೋ ಮಾಂಸದ್ದೋ ಆಗಿರುತ್ತದೆ.

ಶಾಲೆ ಮತ್ತು ಆಕಾಶ

ತರಗತಿ ನಿಗದಿಯಾಗುವುದು ಹುಟ್ಟಿದ ಇಸವಿಯಿಂದ: ಜನವರಿಯಲ್ಲಿ ಹುಟ್ಟಿದ ಮಗುವೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದ್ದೂ ಒಂದೇ ಕ್ಲಾಸು. ಊರಿನಲ್ಲಿ ಓದಿದ್ದಕ್ಕಿಂತ ಒಂದು ವರ್ಷ ಹಿಂದೆ ಮುಂದೆ ಆಗಬಹುದು. ಉಡುಗೊರೆಯ ದೊಡ್ಡ ಹಬ್ಬ ಜನವರಿ 6, ಶಿಶು ಯೇಸುವನ್ನು ನೋಡಲು ಬಂದ ಮೂವರು ರಾಜರದ್ದು. ಐದರ ಸಂಜೆ ಮೆರವಣಿಗೆಗೆ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ, ಮಿಠಾಯಿ ಎರಚುತ್ತಾರೆ.

ಬೇಸಿಗೆಯಲ್ಲಿ ಲಾಸ್ ಪಾಲ್ಮಾಸ್ ಮೇಲೆ ದಿನಗಟ್ಟಲೆ ಬೂದು ಮೋಡ ಕವಿದಿರುತ್ತದೆ, ಅದಕ್ಕೆ 'ಕತ್ತೆಹೊಟ್ಟೆ' ಎಂದೇ ಹೆಸರು. ಬಿಸಿಲು ಬೇಕೆಂದರೆ ಬಸ್ಸು ಹತ್ತಿ ದಕ್ಷಿಣಕ್ಕೆ ಹೋದರಾಯಿತು. ಸಹಾರಾದಿಂದ 'ಕಲಿಮಾ' ಧೂಳು ಬೀಸಿದ ದಿನ ಮಾತ್ರ ಕಿಟಕಿ ಮುಚ್ಚಿ, ಒಗೆದ ಬಟ್ಟೆ ಒಳಗೆ ತನ್ನಿ, ಉಬ್ಬಸ ಇರುವವರನ್ನು ಹೊರಗೆ ಬಿಡಬೇಡಿ. 2020ರ ಫೆಬ್ರವರಿಯಲ್ಲಿ ಅದು ವಿಮಾನ ನಿಲ್ದಾಣಗಳನ್ನೇ ಮುಚ್ಚಿಸಿತ್ತು. ತುರ್ತಿಗೆ ಯಾವುದಕ್ಕಾದರೂ 112.

ಇನ್ನೂ ಊರಿನಲ್ಲೇ ಇದ್ದು ಪೆಟ್ಟಿಗೆ ಕಟ್ಟುತ್ತಿರುವವರಿಗೆ: ತುಪ್ಪ, ಪೇಡ, ಮೈಸೂರು ಪಾಕು ಬೇಡ. ಹಾಲಿನ ಪದಾರ್ಥವನ್ನು ಲಗೇಜಿನಲ್ಲಿ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಸರ್ಟಿಫಿಕೇಟಿಲ್ಲದ ಹಸಿ ಕರಿಬೇವೂ ಬೇಡ, ಗಿಡದ ರೋಗ ದ್ವೀಪಕ್ಕೆ ಬಂದರೆ ಇಲ್ಲಿಯ ತೋಟಗಳೇ ಹೋದಾವು. ರಾಗಿಹಿಟ್ಟು, ಸಾರಿನ ಪುಡಿ, ಒಂದು ಉಂಡೆ ಬೆಲ್ಲ ತನ್ನಿ. ಗೋಫಿಯೊ ನಮ್ಮ ಮನೆಯಲ್ಲಿದೆ, ಲಾಸ್ ಕಾಂತೆರಾಸ್ ಕಡಲ ದಂಡೆಯಲ್ಲಿ ಬಳಗದವರು ಸೇರುವ ಭಾನುವಾರ ಕಲಸಿಕೊಂಡು ತಿನ್ನೋಣ.