ಬ್ಯಾಂಕಾಕಿನ ಅರಮನೆ ಇವತ್ತೂ ತೆರೆದೇ ಇದೆ, ನಡೆಯಿರಿ

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನವಿದ್ದರೆ ನಾಲ್ಕು ಗಂಟೆ ಸಾಕು. ಹೋಗಿ ಬಂದವರನ್ನು ‘ಅರಮನೆ ನೋಡಿದಿರಾ?’ ಎಂದು ಕೇಳಿದರೆ ಮಾತ್ರ ಹೆಚ್ಚಿನವರದು ಒಂದೇ ಉತ್ತರ: ‘ಹೊರಗಿಂದ ನೋಡಿದ್ವಿ, ಸಿಕ್ಕಾಪಟ್ಟೆ ಬಿಸಿಲು, ಒಳಗೆ ಹೋಗೋಕೆ ಆಗಲಿಲ್ಲ.’ ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಆ ಅರಮನೆಯ, ಅಂದರೆ ಗ್ರ್ಯಾಂಡ್ ಪ್ಯಾಲೇಸಿನ, ಬಿಳಿ ಗೋಡೆಯೊಳಗೆ ಇಡೀ ರಾಮಾಯಣ 178 ಭಿತ್ತಿಚಿತ್ರಗಳಾಗಿ ನಿಂತಿದೆ. ಗೈಡ್ ಇಲ್ಲದೆಯೂ ಅದನ್ನು ಓದಿಕೊಳ್ಳಬಲ್ಲ ಪ್ರವಾಸಿಗರು ನಾವು. ಬಾಗಿಲವರೆಗೆ ಹೋಗಿ ನಾವೇ ವಾಪಸು ಬರುತ್ತೇವೆ. ನೆಂಟರನ್ನು ಕರೆದುಕೊಂಡು ನಾನು ಮೂರು ಸಲ ಹೋಗಿದ್ದೇನೆ. ಎಲ್ಲೆಲ್ಲಿ ಎಡವುತ್ತೇವೆ ಎನ್ನುವುದು ಈಗ ಚೆನ್ನಾಗಿ ಗೊತ್ತಾಗಿದೆ.

ಹಿಂದಿನ ರಾತ್ರಿ

ಬಟ್ಟೆ ತೆಗೆದಿಡಿ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್, ಮೈಗಂಟಿದ ಲೆಗ್ಗಿಂಗ್ಸ್ ಯಾವುದೂ ನಡೆಯದು. ಮೇಲೊಂದು ದುಪಟ್ಟಾ ಹೊದ್ದರೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಸೀರೆ, ಸಲ್ವಾರ್, ತೆಳು ಹತ್ತಿಯ ಪೂರ್ತಿ ಪ್ಯಾಂಟು ಉತ್ತಮ. ಗೇಟಿನ ಎದುರು ಆನೆ ಚಿತ್ರದ ಪ್ಯಾಂಟು ಮಾರುವವರಿದ್ದಾರೆ. ಬಟ್ಟೆ ಜಾಳು, ಕೂತು ಎದ್ದರೆ ಹೊಲಿಗೆ ಬಿಡುತ್ತದೆ. ದುಡ್ಡು ದಂಡ.

ಇನ್ನೊಂದು ಮಾತು, ಇದು ಊರು ಬಿಡುವ ಮೊದಲೇ ಮುಗಿಯಬೇಕಾದದ್ದು. 2025ರ ಮೇ ತಿಂಗಳಿಂದ ಥಾಯ್ಲೆಂಡಿಗೆ ಹೋಗುವವರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಆಗಮನದ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ತಲುಪುವ ದಿನಕ್ಕೆ ಮೂರು ದಿನ ಮೊದಲಿನಿಂದ ತುಂಬಬಹುದು. ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ, ತಕ್ಷಣ ಮುಚ್ಚಿ.

ನದಿ ದಾರಿ

ಅರಮನೆಗೆ ಟ್ಯಾಕ್ಸಿಯಲ್ಲಿ ಹೋಗಬೇಡಿ. ಸ್ಕೈಟ್ರೈನಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಬಂದು ಕೆಳಗಿಳಿದರೆ ಸಾಥೋನ್ ದೋಣಿಕಟ್ಟೆ. ಅಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ಎಲ್ಲಿಗೆ ಹೋದರೂ 16 ಬಾತ್ (ಬಾತ್ ಅಲ್ಲಿನ ಹಣ). ದೊಡ್ಡ ಬೋರ್ಡು ಹಿಡಿದವರು ನೀಲಿ ಬಾವುಟದ ಪ್ರವಾಸಿ ದೋಣಿಗೆ ಕರೆಯುತ್ತಾರೆ. ಅದೂ ಅದೇ ನದಿಯಲ್ಲೇ ಹೋಗುತ್ತದೆ, ದರ ಮಾತ್ರ ಹೆಚ್ಚು. ಕಿತ್ತಳೆ ದೋಣಿಯಲ್ಲಿ ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಕಾವಿಯುಟ್ಟ ಭಿಕ್ಕುಗಳು ಜೊತೆಗಿರುತ್ತಾರೆ. ಕಂಡಕ್ಟರಮ್ಮನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ. ಅದರ ಮುಚ್ಚಳವನ್ನು ಲಟಲಟ ಬಡಿಯುತ್ತಾ ಬಂದು, ಚಿಲ್ಲರೆ ಅದರೊಳಕ್ಕೆ ಹಾಕಿಕೊಂಡು, ಅದರಿಂದಲೇ ಚೀಟಿ ಹರಿದು ಕೊಡುತ್ತಾರೆ. ಹಿಂಬದಿಯಲ್ಲಿ ನಿಂತ ಹುಡುಗ ಶಿಳ್ಳೆ ಹಾಕುತ್ತಾನೆ, ಆ ಶಿಳ್ಳೆಯ ಲೆಕ್ಕದಲ್ಲೇ ದೋಣಿ ಕಟ್ಟೆಗೆ ತಾಗುತ್ತದೆ. ಏಳೂವರೆಗೆಲ್ಲ ಹತ್ತಿಬಿಡಿ. ಇಳಿಯಬೇಕಾದದ್ದು ಥಾ ಚಾಂಗ್‌ನಲ್ಲಿ. ಚಾಂಗ್ ಎಂದರೆ ಆನೆ, ಹಿಂದೆ ಅರಮನೆಯ ಆನೆಗಳು ಮೀಯುತ್ತಿದ್ದ ಕಟ್ಟೆ ಅದು.

ಕಟ್ಟೆಯಿಂದ ಗೇಟಿನವರೆಗೆ: ಐದು ನಿಮಿಷ, ಪೂರ್ತಿ ಎಚ್ಚರ

ಇಡೀ ದಿನ ಕೆಡುವುದು ಈ ಐದು ನಿಮಿಷದಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಥಾ ಚಾಂಗ್‌ನಿಂದ ಹೊರಬಂದು ನಾ ಫ್ರಾ ಲಾನ್ ರಸ್ತೆಯಲ್ಲಿ ನೇರ ನಡೆದರೆ ಬಲಗಡೆಗೆ ಉದ್ದಕ್ಕೂ ಅರಮನೆಯ ಬಿಳಿ ಗೋಡೆ. ಒಳಗೆ ಹೋಗುವ ಬಾಗಿಲು ಇರುವುದು ಆ ಗೋಡೆಯಲ್ಲೇ. ಅಷ್ಟರೊಳಗೆ ಒಬ್ಬರು ಎದುರಾಗುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೆಲವೊಮ್ಮೆ ಕುತ್ತಿಗೆಯಲ್ಲಿ ಬ್ಯಾಡ್ಜು, ಒಳ್ಳೆಯ ಇಂಗ್ಲಿಷ್. ಮೊದಲು ಯಾವ ದೇಶ ಅಂತ ವಿಚಾರಿಸುತ್ತಾರೆ, ಶಾರುಖ್ ಖಾನ್ ಹೆಸರು ಹೇಳುತ್ತಾರೆ. ಆಮೇಲೆ ಬಹಳ ಬೇಜಾರಿನ ಮುಖ ಮಾಡಿ ‘ಇವತ್ತು ಬುದ್ಧನ ಹಬ್ಬ, ಮಧ್ಯಾಹ್ನ ಒಂದರವರೆಗೆ ವಿದೇಶಿಯರಿಗೆ ಪ್ರವೇಶ ಇಲ್ಲ’ ಎನ್ನುತ್ತಾರೆ. ಅಲ್ಲಿಯವರೆಗೆ ಸುಮ್ಮನೆ ಯಾಕೆ ನಿಲ್ಲುತ್ತೀರಿ, ಇಲ್ಲೇ ನಿಂತ ಬುದ್ಧನ ದೊಡ್ಡ ವಿಗ್ರಹ ಇದೆ, ಟುಕ್‌ಟುಕ್‌ಗೆ ಇಪ್ಪತ್ತೇ ಬಾತ್ ಎಂದು ಕೈಮಾಡಿ ಕರೆದರೆ, ಅದಾಗಲೇ ಗಾಡಿ ಪಕ್ಕದಲ್ಲಿ ನಿಂತಿರುತ್ತದೆ.

ಇಪ್ಪತ್ತು ಬಾತಿಗೆ ಊರು ಸುತ್ತಿಸಿದರೆ ಪೆಟ್ರೋಲಿನ ಖರ್ಚೂ ಹುಟ್ಟುವುದಿಲ್ಲ. ಚಾಲಕನಿಗೆ ಹುಟ್ಟುವುದು ದಾರಿಯಲ್ಲಿನ ರತ್ನದಂಗಡಿ ಮತ್ತು ಸೂಟು ಹೊಲಿಯುವ ಅಂಗಡಿಯಿಂದ. ಗಿರಾಕಿ ತಂದುಬಿಟ್ಟರೆ ಅವನಿಗೆ ಕಮಿಷನ್. ನಮ್ಮ ಭಾವ ಒಂದು ಬೆಳಿಗ್ಗೆ ಒಬ್ಬರೇ ಹೋಗಿ ಹೀಗೇ ಸಿಕ್ಕಿಕೊಂಡರು. ಮಧ್ಯಾಹ್ನ ಹೋಟೆಲಿಗೆ ಬಂದಾಗ ಜೇಬಿನಲ್ಲಿ ಕೆಂಪು ಮಖಮಲ್ಲಿನ ಡಬ್ಬಿ, ಅದರಲ್ಲಿ ನೀಲಿ ಕಲ್ಲಿನ ಉಂಗುರ. ಅಕ್ಕನಿಗೆ ಅಂತ ತಂದಿದ್ದರು. ಊರಿಗೆ ಬಂದು ಗುರುತಿನ ಅಕ್ಕಸಾಲಿಗೆ ತೋರಿಸಿದಾಗ ಅವರು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಡಬ್ಬಿ ಮುಚ್ಚಿ ಕೈಗೆ ಕೊಟ್ಟರು. ಕಳೆದ ದುಡ್ಡಿಗಿಂತ, ಭಾವ ಅರಮನೆಯನ್ನೇ ನೋಡದೆ ಬಂದರಲ್ಲ ಎನ್ನುವುದು ನನಗೆ ಇಂದಿಗೂ ಸಂಕಟ.

ಹಾಗಾಗಿ ಹೀಗೆ ಮಾಡಿ. ಅರಮನೆಯ ಅಧಿಕೃತ ವೆಬ್‌ಸೈಟನ್ನು ಹಿಂದಿನ ದಿನವೇ ನೋಡಿಕೊಳ್ಳಿ. ರಾಜಮನೆತನದ ಸಮಾರಂಭವಿದ್ದರೆ ಅಲ್ಲಿ ಹಾಕಿರುತ್ತಾರೆ, ಉಳಿದ ದಿನ ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ. ರಸ್ತೆಯಲ್ಲಿ ಯಾರು ಮಾತಾಡಿಸಿದರೂ ನಿಲ್ಲಬೇಡಿ, ನಗುತ್ತಾ ತಲೆಬಾಗಿಸಿ ಮುಂದೆ ಹೋಗಿ. ಗೋಡೆ ನಿಮ್ಮ ಬಲಕ್ಕಿರಲಿ. ಸಮವಸ್ತ್ರದ ಕಾವಲುಗಾರರು ನಿಂತಿರುವ ಬಾಗಿಲು ಮುಟ್ಟುವವರೆಗೆ ‘ಮುಚ್ಚಿದೆ’ ಎಂಬ ಮಾತನ್ನು ಯಾರಿಂದ ಕೇಳಿದರೂ ನಂಬಬೇಡಿ. ಜೊತೆಯಲ್ಲಿ ಹಿರಿಯರಿದ್ದರೆ ಅವರನ್ನು ಮುಂದೆ ಬಿಡದೆ ನಡುವೆ ಇಟ್ಟುಕೊಳ್ಳಿ. ಮರ್ಯಾದೆಗೆ ನಿಂತು ಉತ್ತರ ಕೊಡುವವರು ಅವರೇ.

ಒಳಗೆ

ಟಿಕೆಟ್ 500 ಬಾತ್. ಚೀಟಿ ಬಿಸಾಡಬೇಡಿ, ಮಧ್ಯಾಹ್ನಕ್ಕೆ ಬೇಕು.

ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ನೀವು ಮೊದಲು ಅಂಗಳದ ಸುತ್ತಲಿನ ಪಡಸಾಲೆಗೆ ಹೋಗಿ. ಚಿತ್ರಗಳು ಉತ್ತರದ ಬಾಗಿಲ ಬಳಿ ಶುರುವಾಗಿ ಪ್ರದಕ್ಷಿಣೆಯಾಗಿ ಸಾಗುತ್ತವೆ. ಮೊದಲು ನೇಗಿಲ ಸಾಲಿನಲ್ಲಿ ಸೀತೆ ಸಿಗುತ್ತಾಳೆ. ಥಾಯ್ ರಾಮಾಯಣಕ್ಕೆ ‘ರಾಮಕಿಯೆನ್’ ಎಂದು ಹೆಸರು. ರಾಮ ಇಲ್ಲಿ ಫ್ರಾ ರಾಮ್, ಲಕ್ಷ್ಮಣ ಫ್ರಾ ಲಕ್, ರಾವಣ ತೋತ್ಸಕಾನ್, ಅಂದರೆ ದಶಕಂಠ. ಇಲ್ಲಿ ಸೀತೆ ರಾವಣನ ಸ್ವಂತ ಮಗಳು, ಕೇಡು ತರುತ್ತಾಳೆಂದು ಹೆದರಿ ನೀರಿಗೆ ಬಿಟ್ಟದ್ದು. ಮಕ್ಕಳು ಬೆರಗಾದರೆ ನಮ್ಮ ಜನಪದರ ಕತೆ ಹೇಳಿ: ರಾವಣ ಸೀನಿದಾಗ ಹುಟ್ಟಿದ್ದಕ್ಕೆ ಅವಳಿಗೆ ಸೀತೆ ಎಂದು ಹೆಸರಾಯಿತು.

ಒಂದು ಚಿತ್ರವನ್ನು ಹುಡುಕಿಯೇ ನೋಡಿ. ಬೆಳ್ಳಗಿನ ಹನುಮಂತ ಬೆಟ್ಟದಷ್ಟು ಬೆಳೆದು, ರಾಮನಿರುವ ಮಂಟಪವನ್ನೇ ಬಾಯಲ್ಲಿಟ್ಟು ಕಾಯುತ್ತಿದ್ದಾನೆ. ರಾಮನನ್ನು ಕದ್ದೊಯ್ಯಲು ಬರುವವನು ಮೈಯರಾಪ್, ನಮ್ಮ ಮೈರಾವಣ. ಯಕ್ಷಗಾನದಲ್ಲಿ ‘ಮೈರಾವಣ ಕಾಳಗ’ ನೋಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಹತ್ತಿರ ಹೋಗಿ ನಿಂತರೆ ಕಿರೀಟ, ತೋಳಬಳೆಗಳ ಮೇಲೆ ಚಿನ್ನದ ಬಣ್ಣ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಮಿನುಗುವುದು ಕಾಣುತ್ತದೆ. ಮುಟ್ಟಬೇಡಿ. ಈ ಪಡಸಾಲೆಗೆ ಕನಿಷ್ಠ ಒಂದು ಗಂಟೆ ಕೊಡಿ, ಸೆಲ್ಫಿ ಆಮೇಲೆ. ಬಾಗಿಲು ಕಾಯುವ ಜೋಡಿ ಯಕ್ಷರಲ್ಲಿ ಹಸಿರು ಮೈಯ ತೋತ್ಸಕಾನನನ್ನೂ ಬಿಳಿ ಮೈಯ ಸಹತ್ಸದೇಚನನ್ನೂ ಗುರುತಿಸಿ.

ಈಗ ಪಚ್ಚೆ ಬುದ್ಧ. ವಿಗ್ರಹ ಬರೀ 66 ಸೆಂಟಿಮೀಟರ್, ಬಲು ಎತ್ತರದ ಪೀಠದಲ್ಲಿದೆ. ಪಚ್ಚೆಯಲ್ಲ, ಹಸಿರು ಶಿಲೆ. ಬೇಸಿಗೆ, ಮಳೆ, ಚಳಿ ಎಂದು ವರ್ಷಕ್ಕೆ ಮೂರು ಸಲ ರಾಜನೇ ಉಡುಪು ಬದಲಿಸುವ ಪದ್ಧತಿಯಿದೆ. ಚಪ್ಪಲಿ ಹೊರಗೆ, ಫೋಟೊ ಇಲ್ಲ. ಕಾಲನ್ನು ಹಿಂದಕ್ಕೆ ಮಡಚಿ ಕೂರಿ, ಪಾದ ಬುದ್ಧನ ಕಡೆ ಚಾಚಬಾರದು. ಹತ್ತು ನಿಮಿಷ ಕೂತರೆ ಕಣ್ಣಿಗೆ ಮೂರ್ತಿ ಸ್ಪಷ್ಟವಾಗುತ್ತದೆ.

ಮಧ್ಯಾಹ್ನ

ಅರಮನೆಯ ಟಿಕೆಟಿನಲ್ಲೇ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದ ಖೋನ್ ಪ್ರದರ್ಶನವೂ ಸೇರಿದೆ, ಸೋಮವಾರದಿಂದ ಶುಕ್ರವಾರದವರೆಗೆ. ಹೋಗಲು ಉಚಿತ ಬಸ್ಸಿದೆ. ಇದು ಗೊತ್ತಿಲ್ಲದೆ ಚೀಟಿ ಎಸೆದವರೇ ಜಾಸ್ತಿ. ಖೋನ್ ಎಂದರೆ ಮುಖವಾಡ ತೊಟ್ಟು ಆಡುವ ರಾಮಕಿಯೆನ್, 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ. ವೇಷಧಾರಿ ಮೊಣಕಾಲು ಅಗಲಿಸಿ ನೆಲಕ್ಕೆ ಹೆಜ್ಜೆ ಊರಿದಾಗ ನನಗೆ ನಮ್ಮ ಬಣ್ಣದ ವೇಷವೇ ಕಂಡಿತ್ತು.

ಊಟಕ್ಕೆ ಅಲ್ಲಿಂದ ಪಹುರಾತ್‌ಗೆ ನಡೆಯಬಹುದು, ಭಾರತೀಯರ ಬಟ್ಟೆ ಅಂಗಡಿಗಳ ಪೇಟೆ ಅದು, ಸಸ್ಯಾಹಾರ ಸಿಗುತ್ತದೆ. ಥಾಯ್ ಊಟವೇ ಬೇಕೆಂದರೆ ಎರಡು ಪದ ಕಲಿಯಿರಿ. ‘ಮಂಗ್ಸವಿರಾತ್’ ಎಂದರೆ ಸಸ್ಯಾಹಾರ. ಬಿಡಿಸಿದರೆ ನಮ್ಮ ‘ಮಾಂಸವಿರತಿ’ಯೇ. ಆದರೆ ಇದರಲ್ಲಿ ಮೊಟ್ಟೆ ಇರಬಹುದು. ‘ಜೇ’ ಎಂದರೆ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿದ್ದರೆ ಅದು ಜೇ ಅಂಗಡಿ. ‘ನೋ ಮೀಟ್’ ಎಂದಷ್ಟೇ ಹೇಳಿದರೆ ತರಕಾರಿಗೂ ಮೀನಿನ ಸಾಸ್ ಬೀಳುತ್ತದೆ, ಅವರ ಪಾಲಿಗೆ ಅದು ಉಪ್ಪಿದ್ದಂತೆ. ‘ಮಾಯ್ ಸಾಯ್ ನಾಮ್ ಪ್ಲಾ’ ಎಂದು ಹೇಳಿ: ಮೀನಿನ ಸಾಸ್ ಹಾಕಬೇಡಿ. ಕಾಯಿಹಾಲಿನಲ್ಲಿ ನೆನೆದ ಅಂಟನ್ನದ ಜೊತೆ ಮಾವಿನ ಹೋಳು ಮಾತ್ರ ಎಲ್ಲಿ ಸಿಕ್ಕರೂ ತಿನ್ನಿ.

ಸಾಯಂಕಾಲ

ಸಾಮ್ ಯೋತ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದರೆ ಮುಂದಿನದೇ ಸನಾಮ್ ಚಾಯ್. ಹೊರಬಂದರೆ ವಾಟ್ ಪೋ ಗುಡಿ ಹತ್ತಿರ. ಮಲಗಿದ ಬುದ್ಧ 46 ಮೀಟರ್ ಉದ್ದ, ಜನ ಮುಖದ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಪಾದದವರೆಗೆ ಹೋಗಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಿಡಿಸಿದ 108 ಮಂಗಳ ಚಿಹ್ನೆಗಳಿವೆ. ಬೆನ್ನ ಹಿಂದೆ 108 ಕಂಚಿನ ಬಟ್ಟಲು, ಒಂದೊಂದಕ್ಕೂ ಒಂದು ನಾಣ್ಯ ಹಾಕುತ್ತಾ ಹೋದರೆ ಟಿಣ್ ಟಿಣ್ ಸದ್ದು ಇಡೀ ಗುಡಿ ತುಂಬುತ್ತದೆ.

ಥಾ ತಿಯೆನ್ ಕಟ್ಟೆಯಿಂದ ಅಡ್ಡದೋಣಿಯಲ್ಲಿ ಆಚೆ ದಡಕ್ಕೆ ಹೋದರೆ ವಾಟ್ ಅರುಣ್, ನಮ್ಮ ಅರುಣನ ಹೆಸರಿನ ಗುಡಿ. ಗೋಪುರದ ಹೂಗಳೆಲ್ಲ ಚೀನಾದ ಪಿಂಗಾಣಿ ಚೂರುಗಳಿಂದ ಆದವು, ಹತ್ತಿರ ನಿಂತರೆ ಬಟ್ಟಲಿನ ಅಂಚು, ತಟ್ಟೆಯ ಬಾಗು ಗುರುತು ಸಿಗುತ್ತದೆ. ಮೆಟ್ಟಿಲು ಕಡಿದು, ಮಂಡಿನೋವಿನವರು ಕೆಳಗೇ ಇರಲಿ.

ಕತ್ತಲಾಗುವ ಮೊದಲು ಈಚೆ ದಡಕ್ಕೆ ಬಂದುಬಿಡಿ. ದೀಪ ಹತ್ತಿದ ಗೋಪುರ ಪೂರ್ತಿಯಾಗಿ ಕಾಣುವುದು ಥಾ ತಿಯೆನ್ ಕಡೆಯಿಂದಲೇ. ಅಲ್ಲಿಂದ ಸನಾಮ್ ಚಾಯ್ ಮೆಟ್ರೊಗೆ ಕೆಲವೇ ನಿಮಿಷದ ನಡಿಗೆ.